ಗೊಂಬೆಗಳ ಒಡತಿ ಮಾರ್ಗರೆಟೆ ಸ್ಟೈಫ್

ಮೆತ್ತನೆಯ ಮೈ, ದುಂಡು ಮೂತಿ, ಅತ್ತಿತ್ತ ಆಡಿಸಬಹುದಾದ ಕೈಕಾಲು, ಹೊಳೆಯುವ ಪುಟ್ಟ ಕಣ್ಣು ಇವುಗಳಿಂದ ಕೂಡಿದ ಕರಡಿಗೊಂಬೆಯನ್ನು ಕಾಣದ ಮಕ್ಕಳು ಇಂದು ವಿರಳ. ಟೆಡ್ಡಿ ಬೇರ್ ಎಂಬ ಹೆಸರಿನಿಂದ ಅದು ದೇಶದೇಶಗಳ ಮನೆಗಳನ್ನು ಹೊಕ್ಕಿದೆ. ಆ ಗೊಂಬೆಯ ತವರುಗಳಲ್ಲಿ ಒಂದು, ದಕ್ಷಿಣ ಜರ್ಮನಿಯ ಗಿಂಗೆನ್ ಎಂಬ ಚಿಕ್ಕ ಪಟ್ಟಣದ ಒಂದು ಕಾರ್ಖಾನೆ. ನೂರಾರು ಜನರಿಗೆ ಅನ್ನ ನೀಡಿದ ಆ ಕಾರ್ಖಾನೆಯನ್ನು ಕಟ್ಟಿ ಬೆಳೆಸಿದವಳು ತನ್ನ ಬುದ್ಧಿ ತಿಳಿದ ಮೇಲೆ ಒಂದು ಹೆಜ್ಜೆಯನ್ನೂ ನಡೆದವಳಲ್ಲ. ಬಲಗೈಯನ್ನು ಸರಾಗವಾಗಿ ಎತ್ತಿದವಳೂ ಅಲ್ಲ. ಆಕೆಯೇ ಮಾರ್ಗರೆಟೆ ಸ್ಟೈಫ್.

ಮಾರ್ಗರೆಟೆ ಹುಟ್ಟಿದ್ದು 1847ನೆಯ ಇಸವಿ ಜುಲೈ 24ರಂದು. ಆಗ ಜರ್ಮನಿ ಒಂದೇ ರಾಷ್ಟ್ರವಾಗಿ ಇನ್ನೂ ಒಂದುಗೂಡಿರಲಿಲ್ಲ. ಬ್ರೆಂಟ್ಸ್ ಎಂಬ ನದಿಯ ದಡದಲ್ಲಿರುವ ಗಿಂಗೆನ್ ವುರ್ಟೆಂಬರ್ಗ್ ರಾಜ್ಯಕ್ಕೆ ಸೇರಿತ್ತು. ತಂದೆ ಫ್ರೀಡ್ರಿಕ್ ಸ್ಟೈಫ್ ಮನೆ ಕಟ್ಟಿಸುವ ಕಸುಬಿನವನು. ತಾಯಿ ಮಾರಿಯಾ ಕಟ್ಟುನಿಟ್ಟಿನ ಗೃಹಿಣಿ. ನಾಲ್ವರು ಮಕ್ಕಳಲ್ಲಿ ಮಾರ್ಗರೆಟೆ ಮೂರನೆಯವಳು. ಮಾರಿ ಮತ್ತು ಪೌಲಿನೆ ಎಂಬ ಇಬ್ಬರು ಅಕ್ಕಂದಿರು, ಫ್ರಿಟ್ಸ್ ಎಂಬ ತಮ್ಮ. ದುಡಿದು ಉಣ್ಣುವ, ಸೋಮಾರಿತನವನ್ನು ಪಾಪವೆಂದು ಎಣಿಸುವ ಸಂಸಾರ ಅದು.

ಮಗುವಿಗೆ ಒಂದೂವರೆ ವರ್ಷವಾದಾಗ ತೀವ್ರವಾದ ಜ್ವರ ಬಂದಿತು. ಜ್ವರ ಇಳಿಯಿತು, ಆದರೆ ಅದರೊಡನೆ ಕಾಲುಗಳ ಶಕ್ತಿಯೂ ಇಳಿದುಹೋಯಿತು. ಎರಡು ಕಾಲುಗಳೂ ಸ್ವಾಧೀನ ತಪ್ಪಿದವು. ಬಲಗೈ ದುರ್ಬಲವಾಯಿತು, ಅದನ್ನು ಎತ್ತಿದರೆ ನೋವು. ಇಂದು ಪೋಲಿಯೊ ಎಂದು ಕರೆಯುವ ರೋಗವದು. ಅದಕ್ಕೆ ಕಾರಣವಾದ ವೈರಾಣುವನ್ನು ವಿಜ್ಞಾನಿಗಳು ಗುರುತಿಸಿದ್ದು 1908ರಲ್ಲಿ. ಅದನ್ನು ತಡೆಯುವ ಲಸಿಕೆ ಜನರಿಗೆ ದೊರೆತದ್ದು 1955ರಲ್ಲಿ. ಮಾರ್ಗರೆಟೆಯ ಬಾಲ್ಯದಲ್ಲಿ ವೈದ್ಯರಿಗೆ ರೋಗದ ಲಕ್ಷಣಗಳು ಗೊತ್ತಿದ್ದವೇ ಹೊರತು ಮೂಲವೂ ತಿಳಿದಿರಲಿಲ್ಲ, ಮದ್ದೂ ತಿಳಿದಿರಲಿಲ್ಲ.

ಅಂದಿನ ಸಮಾಜದಲ್ಲಿ ಇಂತಹ ಮಗುವಿನ ಮುಂದಿನ ದಾರಿ ಬಹುಮಟ್ಟಿಗೆ ನಿಶ್ಚಿತವಾಗಿತ್ತು. ಹೆಣ್ಣಿಗೆ ಮದುವೆಯೇ ಬಾಳಿನ ಆಸರೆಯೆಂದು ಭಾವಿಸಿದ್ದ ಕಾಲವದು. ನಡೆಯಲಾರದವಳಿಗೆ ಮದುವೆಯ ಮಾತು ದೂರ. ಹೆತ್ತವರು ಇರುವತನಕ ಹೆತ್ತವರ ಮನೆ. ಅವರ ನಂತರ ಒಡಹುಟ್ಟಿದವರ ಮನೆಯ ಒಂದು ಮೂಲೆ. ತಾನು ಕಣ್ಣು ಮುಚ್ಚಿದ ಮೇಲೆ ಈ ಮಗುವಿನ ಗತಿಯೇನು ಎಂಬ ಚಿಂತೆ ತಾಯಂದಿರ ಎದೆಯನ್ನು ಹಗಲಿರುಳೂ ಕೊರೆಯುವಂತಹುದು. ಮಾರ್ಗರೆಟೆಯ ಬದುಕಿನ ಕಥೆಯೆಂದರೆ ಈ ಚಿಂತೆಗೆ ಆಕೆ ಕಂಡುಕೊಂಡ ಉತ್ತರದ ಕಥೆ.

ಆದರೆ ಹುಡುಗಿ ಮೂಲೆಯಲ್ಲಿ ಕೂರುವ ಸ್ವಭಾವದವಳಾಗಿರಲಿಲ್ಲ. ಆಕೆಯನ್ನು ಒಂದು ಪುಟ್ಟ ಕೈಗಾಡಿಯಲ್ಲಿ ಕೂರಿಸಿ ಬೀದಿಗೆ ತಂದುಬಿಟ್ಟರೆ ಸಾಕು, ನೆರೆಹೊರೆಯ ಮಕ್ಕಳೆಲ್ಲ ಗಾಡಿಯ ಸುತ್ತ ನೆರೆಯುತ್ತಿದ್ದರು. ಹೊಸ ಹೊಸ ಆಟಗಳನ್ನು ಹೂಡುವವಳು ಆಕೆ. ಅವರವರ ಪಾಲಿನ ಕೆಲಸವನ್ನು ಹಂಚುವವಳು ಆಕೆ. ಜಗಳವಾದರೆ ತೀರ್ಪು ಹೇಳುವವಳೂ ಆಕೆಯೇ. ಓಡಲಾರದವಳು ಓಡುವವರ ಗುಂಪಿಗೆ ನಾಯಕಿಯಾದಳು. ಕೆಲಸಕ್ಕೆ ಹೋಗುವ ತಾಯಂದಿರು ತಮ್ಮ ಕೂಸುಗಳನ್ನು ಆಕೆಯ ಬಳಿ ಬಿಟ್ಟುಹೋಗುತ್ತಿದ್ದುದೂ ಉಂಟು. ಜನರನ್ನು ಒಟ್ಟುಗೂಡಿಸಿ ಕೆಲಸ ಮಾಡಿಸುವ ಶಕ್ತಿ ಮುಂದೆ ಕಾರ್ಖಾನೆಯಲ್ಲಿ ಬೆಳಗಿದುದು ನಿಜ. ಅದರ ಮೊಳಕೆ ಕಾಣಿಸಿಕೊಂಡದ್ದು ಗಿಂಗೆನ್ನಿನ ಬೀದಿಯಲ್ಲಿ.

ಓದುವ ವಯಸ್ಸು ಬಂದಾಗ ಅದೇ ಕೈಗಾಡಿ ಶಾಲೆಗೂ ದಾರಿಯಾಯಿತು. ಒಡಹುಟ್ಟಿದವರೂ ನೆರೆಯ ಮಕ್ಕಳೂ ಸರದಿಯ ಮೇಲೆ ಗಾಡಿಯನ್ನೆಳೆದು ಶಾಲೆಯವರೆಗೆ ತರುತ್ತಿದ್ದರು. ಶಾಲೆಯ ಬಳಿ ವಾಸಿಸುತ್ತಿದ್ದ ಒಬ್ಬ ಹೆಂಗಸು ಅಲ್ಲಿಂದ ಆಕೆಯನ್ನು ಎತ್ತಿಕೊಂಡು ತರಗತಿಗೆ ಮುಟ್ಟಿಸುತ್ತಿದ್ದಳು. ಮಾರ್ಗರೆಟೆ ಕಲಿಕೆಯಲ್ಲಿ ಚುರುಕಾಗಿದ್ದಳು. ಒಂದು ಗಾಡಿ, ನಾಲ್ಕು ಜೊತೆ ಕೈಗಳು, ಮೆಟ್ಟಿಲುಗಳ ಬಳಿ ಕಾದುನಿಲ್ಲುವ ಒಬ್ಬ ನೆರೆಯವಳು- ಇಷ್ಟು ಇಲ್ಲದಿದ್ದರೆ ಅಕ್ಷರವೂ ಆಕೆಗೆ ಎಟುಕುತ್ತಿರಲಿಲ್ಲ.

ಹೆತ್ತವರು ಚಿಕಿತ್ಸೆಯ ಆಸೆಯನ್ನು ಬಿಟ್ಟಿರಲಿಲ್ಲ. 1856ರಲ್ಲಿ, ಒಂಬತ್ತು ವರ್ಷದ ಮಗಳನ್ನು ಲುಡ್ವಿಗ್ಸ್‌ಬುರ್ಗ್ ನಗರದ ಮಕ್ಕಳ ವೈದ್ಯ ವೆರ್ನರ್ ಎಂಬಾತನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ವಿಲ್ಡ್‌ಬಾಡ್ ಎಂಬ ಊರಿನ ಬಿಸಿನೀರಿನ ಬುಗ್ಗೆಗಳಲ್ಲಿ ಸ್ನಾನದ ಚಿಕಿತ್ಸೆ ನಡೆಯಿತು. ತಿಂಗಳುಗಟ್ಟಲೆ ಮನೆಯಿಂದ ದೂರವಿದ್ದು, ನೋವನ್ನು ಸಹಿಸಿ, ಹಿಂದಿರುಗಿದಾಗ ಕಾಲುಗಳು ಮೊದಲಿನಂತೆಯೇ ಇದ್ದವು. ಮತ್ತೆಯೂ ಪ್ರಯತ್ನಗಳು ನಡೆದವು. ಫಲ ದೊರೆಯಲಿಲ್ಲ.

ಇಲ್ಲಿ ಆಕೆಯ ಬಾಳಿನ ಮೊದಲ ದೊಡ್ಡ ನಿರ್ಧಾರ ಮೂಡಿತು. ಸುಮಾರು ಹದಿನೇಳರ ವಯಸ್ಸಿನಲ್ಲಿ ಮಾರ್ಗರೆಟೆ ಒಂದು ಸತ್ಯವನ್ನು ಮನಗಂಡಳು: ದೊರೆಯದ ವಾಸಿಗಾಗಿ ಕಾಯುತ್ತ ಕುಳಿತರೆ ಕಾಯುವುದೇ ಬದುಕಾಗಿಬಿಡುತ್ತದೆ, ಮನಸ್ಸಿಗೆ ನೆಮ್ಮದಿಯೂ ಇರುವುದಿಲ್ಲ, ಕೈಗೆ ಕೆಲಸವೂ ಇರುವುದಿಲ್ಲ. ಇದು ನಿರಾಶೆಯ ನಿರ್ಧಾರವಾಗಿರಲಿಲ್ಲ. ಕಾಲುಗಳ ಮೇಲಿಟ್ಟಿದ್ದ ಆಸೆಯನ್ನು ಆಕೆ ಅಲ್ಲಿಂದ ತೆಗೆದು ಕೈಗಳ ಮೇಲೆ ಇಟ್ಟಳು. ಇರುವ ದೇಹದಿಂದಲೇ ದುಡಿದು ಬದುಕಬೇಕು, ಯಾರಿಗೂ ಹೊರೆಯಾಗಬಾರದು ಎಂದು ಸಂಕಲ್ಪಿಸಿದಳು.

ಹೊಲಿಗೆ ಶಾಲೆಗೆ ಹೋಗಬೇಕೆಂದು ಆಕೆ ಹಟ ಹಿಡಿದಿದ್ದಳು. ತಂದೆಗೆ ಅನುಮಾನವಿತ್ತು. ಸೂಜಿ ಹಿಡಿಯಬೇಕಾದ ಬಲಗೈಯೇ ಸೋತಿರುವಾಗ ಹೊಲಿಗೆ ಕಲಿಯುವುದು ಹೇಗೆ? ತಂದೆಯ ಶಂಕೆ ಆಧಾರವಿಲ್ಲದ್ದಾಗಿರಲಿಲ್ಲ. ಮೊದಮೊದಲು ಆಕೆಯ ಹೊಲಿಗೆ ನಿಧಾನವಾಗಿತ್ತು, ವಕ್ರವಾಗಿತ್ತು. ಆಯಾಸವೂ ಬಹಳ. ಆದರೆ ಬಿಡದ ಸಾಧನೆಯಿಂದ ಕೈ ಪಳಗಿತು. ಹದಿನೇಳನೆಯ ವಯಸ್ಸಿಗೆ ಆಕೆ ನುರಿತ ಹೊಲಿಗೆಗಾರ್ತಿಯಾದಳು. ಇದರೊಡನೆ ಸಿತಾರಿನಂತೆ ತಂತಿಗಳನ್ನು ಮೀಟಿ ನುಡಿಸುವ ಜಿಥರ್ ಎಂಬ ವಾದ್ಯವನ್ನೂ ಕಲಿತು, ಇತರರಿಗೆ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸತೊಡಗಿದಳು. ಅಕ್ಕಂದಿರು ಹೆಂಗಸರ ಉಡುಪುಗಳನ್ನು ಹೊಲಿಯುವ ಕಸುಬನ್ನು ನಡೆಸುತ್ತಿದ್ದರು. ಮಾರ್ಗರೆಟೆಯೂ ಅವರೊಡನೆ ಕೂಡಿಕೊಂಡಳು.

ಆ ಮನೆಗೆ ಒಂದು ಹೊಲಿಗೆ ಯಂತ್ರ ಬಂದಿತು. ಗಿಂಗೆನ್ನಿನಂತಹ ಊರಿಗೆ ಆಗ ಅದು ಹೊಸ ವಸ್ತು. ಯಂತ್ರದ ಚಕ್ರ ಬಲಗಡೆಗೆ ಇರುತ್ತದೆ, ಬಲಗೈಯಿಂದ ತಿರುಗಿಸಬೇಕು. ಕೈ ಬದಲು ಕಾಲಿನಿಂದ ತುಳಿದು ನಡೆಸುವ ಯಂತ್ರವೂ ಆಕೆಯ ಪಾಲಿಗಿಲ್ಲ. ಎರಡು ದಾರಿಗಳೂ ಮುಚ್ಚಿದಂತೆ ತೋರಿದವು. ಮಾರ್ಗರೆಟೆ ಯಂತ್ರವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸಿ ಇರಿಸಿಕೊಂಡಳು. ಈಗ ಚಕ್ರ ಎಡಗಡೆಗೆ ಬಂದಿತು. ಗಟ್ಟಿಯಾದ ಎಡಗೈ ಚಕ್ರವನ್ನು ತಿರುಗಿಸಿತು. ದುರ್ಬಲವಾದ ಬಲಗೈ ಬಟ್ಟೆಗೆ ದಾರಿ ತೋರಿತು. ಯಂತ್ರ ಓಡಿತು.

ಈ ಸಣ್ಣ ಘಟನೆಯಲ್ಲಿ ಒಂದು ದೊಡ್ಡ ಪಾಠ ಅಡಗಿದೆ. ಅಲ್ಲಿಯವರೆಗೆ ಎಲ್ಲರೂ ಆ ಹುಡುಗಿಯ ದೇಹವನ್ನು ಜಗತ್ತಿಗೆ ಹೊಂದುವಂತೆ ಮಾಡಲು ಶ್ರಮಿಸಿದ್ದರು. ಶಸ್ತ್ರವೂ ಸೋತಿತ್ತು, ಬಿಸಿನೀರೂ ಸೋತಿತ್ತು. ಆಕೆ ಮಾಡಿದ್ದು ಅದಕ್ಕೆ ವಿಪರೀತವಾದುದು: ತನ್ನೆದುರಿನ ವಸ್ತುವನ್ನೇ ತನ್ನ ದೇಹಕ್ಕೆ ಹೊಂದಿಸಿಕೊಂಡಳು. ಯಂತ್ರವನ್ನು ತಯಾರಿಸಿದವನು ಎಲ್ಲರ ಬಲಗೈಯೂ ಗಟ್ಟಿಯೆಂದು ಭಾವಿಸಿದ್ದ. ಆ ಭಾವನೆ ಆಕೆಯ ವಿಷಯದಲ್ಲಿ ಸರಿಯಾಗಿರಲಿಲ್ಲ, ಅಷ್ಟೇ. ತಡೆ ಇದ್ದುದು ಕೈಯಲ್ಲಿ ಮಾತ್ರವಲ್ಲ, ಯಂತ್ರವನ್ನು ಇಟ್ಟ ಬಗೆಯಲ್ಲಿಯೂ ಇತ್ತು.

ಅಕ್ಕಂದಿರಿಗೆ ಮದುವೆಯಾಗಿ ಅವರು ಬೇರೆ ಊರು ಸೇರಿದರು. ಕಸುಬು ಮಾರ್ಗರೆಟೆಯ ಕೈಯಲ್ಲಿ ಉಳಿಯಿತು. 1874ರಲ್ಲಿ ತಂದೆ ಮನೆಯನ್ನು ಮಾರ್ಪಡಿಸಿ ಆಕೆಗೆಂದೇ ಒಂದು ಹೊಲಿಗೆಯ ಕೊಠಡಿಯನ್ನು ಕಟ್ಟಿಸಿಕೊಟ್ಟನು. ಒಮ್ಮೆ ಅನುಮಾನಿಸಿದ್ದ ತಂದೆ ಈಗ ತನಗೆ ಬಲ್ಲ ವಿದ್ಯೆಯಿಂದಲೇ ಮಗಳಿಗೆ ನೆರವಾದನು. ಮಗಳ ಕೈಗೆ ಹಣ ಕೊಟ್ಟು ಸುಮ್ಮನಾಗಬಹುದಾಗಿತ್ತು. ಅವನು ಕೊಟ್ಟದ್ದು ಕೆಲಸ ಮಾಡುವ ಜಾಗವನ್ನು. ಹಣ ಖರ್ಚಾಗಿ ಹೋಗುತ್ತದೆ. ಕೆಲಸದ ಜಾಗ ದಿನದಿನವೂ ಹೊಸ ಹಣವನ್ನು ಹುಟ್ಟಿಸುತ್ತದೆ.

ಗಿಂಗೆನ್ನಿನಲ್ಲಿ ಆಕೆಯ ಬಂಧುವರ್ಗದ ಹೆನ್ಲೆ ಮನೆತನದವರು ಫೆಲ್ಟ್ ಎಂಬ ಉಣ್ಣೆಯ ಬಟ್ಟೆಯನ್ನು ತಯಾರಿಸುತ್ತಿದ್ದರು. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳನ್ನು ತೇವ, ಶಾಖ, ಒತ್ತಡಗಳಿಂದ ಒಂದರೊಳಗೊಂದು ಹೆಣೆದುಕೊಳ್ಳುವಂತೆ ಮಾಡಿ ಪಡೆದ ದಪ್ಪನೆಯ ಹಾಳೆಯದು. ಅದರಲ್ಲಿ ಹಾಸುಹೊಕ್ಕುಗಳಿಲ್ಲದಿರುವುದರಿಂದ ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ. ಅಂಚನ್ನು ಮಡಿಚಿ ಹೊಲಿಯುವ ಶ್ರಮವೂ ಇಲ್ಲ. ಬಂಧುಗಳ ಪ್ರೋತ್ಸಾಹದಿಂದ ಮಾರ್ಗರೆಟೆ 1877ರಲ್ಲಿ ಫೆಲ್ಟಿನ ಉಡುಪುಗಳ ಸ್ವಂತ ಅಂಗಡಿಯನ್ನು ತೆರೆದಳು. ಬೆಚ್ಚನೆಯ ಒಳಲಂಗಗಳೂ ಮಕ್ಕಳ ಮೇಲಂಗಿಗಳೂ ಚೆನ್ನಾಗಿ ಮಾರಾಟವಾದವು. ಬೇಡಿಕೆ ಹೆಚ್ಚಿದಂತೆ ಬೇರೆ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡಳು. ಇತರರ ಆಶ್ರಯದಲ್ಲಿ ಬಾಳಬೇಕಾದವಳೆಂದು ಊರು ಎಣಿಸಿದ್ದ ಹುಡುಗಿ ಮೂವತ್ತರ ವಯಸ್ಸಿನಲ್ಲಿ ಇತರರಿಗೆ ಸಂಬಳ ಕೊಡುವ ಯಜಮಾನಿಯಾದಳು.

ಗೊಂಬೆಗಳ ಉದ್ಯಮ ಹುಟ್ಟಿದ್ದು ಆಕಸ್ಮಿಕವಾಗಿ. 1879ರ ಕೊನೆಯಲ್ಲಿ ಹೆಂಗಸರ ಉಡುಪುಗಳಿಗೆ ಸಂಬಂಧಿಸಿದ ಒಂದು ಪತ್ರಿಕೆಯಲ್ಲಿ ಬಟ್ಟೆಯ ಪುಟ್ಟ ಆನೆಯೊಂದರ ನಕ್ಷೆ ಅಚ್ಚಾಗಿತ್ತು. ಮಾರ್ಗರೆಟೆ ಉಳಿದ ಫೆಲ್ಟ್ ತುಂಡುಗಳಿಂದ ಅದನ್ನು ಕತ್ತರಿಸಿ, ಒಳಗೆ ಕುರಿಮರಿಯ ಉಣ್ಣೆ ತುಂಬಿ, ಕೆಲವು ಆನೆಗಳನ್ನು ಹೊಲಿದಳು. ಸೂಜಿ ಚುಚ್ಚಿಡುವ ಮೆತ್ತೆಯಾಗಿ ಅವನ್ನು ಗೆಳತಿಯರಿಗೂ ಬಂಧುಗಳಿಗೂ ಕಾಣಿಕೆ ಕೊಟ್ಟಳು. ಆದರೆ ಆನೆಗಳು ಹೊಲಿಗೆಯ ಪೆಟ್ಟಿಗೆಗಳಲ್ಲಿ ಉಳಿಯಲಿಲ್ಲ. ಮನೆಮನೆಯಲ್ಲಿಯೂ ಮಕ್ಕಳು ಅವನ್ನು ಎತ್ತಿಕೊಂಡು ಹೋಗಿ ಆಟಕ್ಕೆ ಇಟ್ಟುಕೊಂಡರು. ಅಂದಿನ ಗೊಂಬೆಗಳು ಬಹುಮಟ್ಟಿಗೆ ಮರದವು, ತಗಡಿನವು, ಪಿಂಗಾಣಿಯವು. ಬಿದ್ದರೆ ಒಡೆಯುವ, ತಾಗಿದರೆ ನೋಯಿಸುವ ಗೊಂಬೆಗಳ ನಡುವೆ ಎದೆಗೆ ಅವಚಿಕೊಂಡು ಮಲಗಬಹುದಾದ ಈ ಆನೆ ಮಕ್ಕಳಿಗೆ ಅಪೂರ್ವವಾಗಿ ತೋರಿತು.

ಮಕ್ಕಳ ಈ ತೀರ್ಪನ್ನು ಮಾರ್ಗರೆಟೆ ಕಡೆಗಣಿಸಲಿಲ್ಲ. ತಾನು ಒಂದು ಉಪಯೋಗಕ್ಕೆಂದು ಮಾಡಿದ್ದನ್ನು ಕೊಂಡವರು ಮತ್ತೊಂದಕ್ಕೆ ಬಳಸಿದರೆ ಸಾಮಾನ್ಯ ವ್ಯಾಪಾರಿ ನಕ್ಕು ಸುಮ್ಮನಾಗುತ್ತಾನೆ. ಜಾಣ ವ್ಯಾಪಾರಿ ಅದರಿಂದ ಕಲಿಯುತ್ತಾನೆ. ಆಕೆ ಆನೆಗಳನ್ನು ಗೊಂಬೆಗಳೆಂದೇ ಮಾರತೊಡಗಿದಳು. ಮಾರುಕಟ್ಟೆಗೆ ತಾನೇ ಹೋಗಿ ಬರುವುದು ಕಷ್ಟ. ತಮ್ಮ ಫ್ರಿಟ್ಸ್ ಗೊಂಬೆಗಳ ಚೀಲವನ್ನು ಹೊತ್ತು ಸಮೀಪದ ಹೈಡೆನ್‌ಹೈಮ್ ಪಟ್ಟಣದ ಸಂತೆಗೆ ಒಯ್ದು ಮಾರಿಬಂದನು. ಬೇಡಿಕೆ ವರ್ಷದಿಂದ ವರ್ಷಕ್ಕೆ ಏರಿತು. 1886ರ ವೇಳೆಗೆ 5,000ಕ್ಕೂ ಹೆಚ್ಚು ಆನೆಗಳು ಮಾರಾಟವಾಗಿದ್ದವು. ಆನೆಯ ಹಿಂದೆಯೇ ಕೋತಿ, ಕತ್ತೆ, ಕುದುರೆ, ಒಂಟೆ, ಹಂದಿ, ನಾಯಿ, ಬೆಕ್ಕು, ಮೊಲಗಳ ಮೆರವಣಿಗೆ ಆ ಕೊಠಡಿಯಿಂದ ಹೊರಟಿತು.

ತಂದೆಯ ಕಸುಬನ್ನು ಕೈಗೊಂಡಿದ್ದ ಫ್ರಿಟ್ಸ್ 1890ರ ಸುಮಾರಿಗೆ ಅಕ್ಕನಿಗಾಗಿ ದೊಡ್ಡದೊಂದು ಕಟ್ಟಡವನ್ನು ಕಟ್ಟಿದನು. ಅದರಲ್ಲಿ ವಾಸದ ಮನೆ, ಅಂಗಡಿ, ಕೆಲಸದ ಕೊಠಡಿಗಳು ಕೂಡಿಕೊಂಡಿದ್ದವು. ಗಾಲಿಕುರ್ಚಿಯು ಏರಿಳಿಯಲು ಮೆಟ್ಟಿಲಿನ ಬದಲು ಇಳಿಜಾರಾದ ಹಾದಿಯನ್ನು ಮಾಡಿಸಿದ್ದನು. ಹಿಂದೆ ಆಕೆಯನ್ನು ಯಾರಾದರೂ ಎತ್ತಿಕೊಂಡು ಹೋಗಬೇಕಾಗಿತ್ತು. ಈಗ ಗಾಲಿಗಳಿಗೆ ಹಾದಿ ದೊರೆಯಿತು. ಎತ್ತಿಕೊಳ್ಳುವ ಕೈಗಳಲ್ಲಿ ಪ್ರೀತಿಯಿದೆ, ನಿಜ. ಆದರೆ ಆ ಕೈಗಳಿಗೆ ಬಿಡುವಾಗುವತನಕ ಕಾಯಬೇಕು. ಇಳಿಜಾರು ಹಾದಿ ಕಾಯಿಸುವುದಿಲ್ಲ. ಉದ್ಯಮದ ಒಡತಿಗೆ ಬೇಕಾದುದು ಇಂತಹ ಸ್ವಾತಂತ್ರ್ಯವೇ.

1892ರಲ್ಲಿ ಗೊಂಬೆಗಳ ಮೊದಲ ಸಚಿತ್ರ ಬೆಲೆಪಟ್ಟಿ ಅಚ್ಚಾಯಿತು. ಮಕ್ಕಳಿಗೆ ಕೊಡುವ ವಸ್ತು ಅತ್ಯುತ್ತಮವಾಗಿಯೇ ಇರಬೇಕು, ಅದಕ್ಕಿಂತ ಕಡಿಮೆಯಾದುದು ಸಲ್ಲದು ಎಂಬುದು ಮಾರ್ಗರೆಟೆಯ ನಿಯಮವಾಗಿತ್ತು. 1893ರಲ್ಲಿ ಆಕೆಯ ಹೆಸರಿನಲ್ಲಿಯೇ ಫೆಲ್ಟ್ ಗೊಂಬೆಗಳ ಕಾರ್ಖಾನೆ ಸರಕಾರದ ವ್ಯಾಪಾರ ದಾಖಲೆಯಲ್ಲಿ ನೋಂದಣಿಯಾಯಿತು. ಅಂದಿನ ಯುರೋಪಿನಲ್ಲಿ ಹೆಂಗಸೊಬ್ಬಳು ಕಾರ್ಖಾನೆಯ ಒಡತಿಯಾಗುವುದೇ ಅಪರೂಪ. ಗಾಲಿಕುರ್ಚಿಯಲ್ಲಿ ಕುಳಿತ ಹೆಂಗಸು ಒಡತಿಯಾಗುವುದು ಇನ್ನೂ ಅಪರೂಪ. ದೇಶದೇಶಗಳ ವ್ಯಾಪಾರಿಗಳು ಕೂಡುವ ಲೈಪ್‌ಸಿಗ್ ನಗರದ ಮೇಳಕ್ಕೆ ಆಕೆಯ ಗೊಂಬೆಗಳು ಹೋಗತೊಡಗಿದವು.

ಮಾರ್ಗರೆಟೆ ಹೆಸರಿಗೆ ಮಾತ್ರ ಒಡತಿಯಾಗಿರಲಿಲ್ಲ. ಹೊಸ ಗೊಂಬೆಯ ಮೊದಲ ಮಾದರಿಯನ್ನು ತಾನೇ ಕೈಯಲ್ಲಿ ಹಿಡಿದು ಪರೀಕ್ಷಿಸುವಳು. ಹೊಲಿಗೆ ಬಿಗಿಯಾಗಿದೆಯೇ, ಕಣ್ಣು ಕಿತ್ತುಬರುವಂತಿದೆಯೇ, ಮಗುವಿನ ಎಳೆದಾಟಕ್ಕೆ ತಾಳುವುದೇ ಎಂದು ನೋಡುವಳು. ತೃಪ್ತಿಯಾಗದಿದ್ದರೆ ಗೊಂಬೆ ಹಿಂದಕ್ಕೆ ಹೋಗುವುದು. ಕಾರ್ಖಾನೆಗೆ ಬಂದು ದುಡಿಯುವವರಲ್ಲದೆ, ಮನೆಯಲ್ಲಿಯೇ ಕುಳಿತು ಹೊಲಿದುಕೊಡುವ ಹೆಂಗಸರಿಗೂ ಆಕೆ ಕೆಲಸ ಹಂಚಿದಳು. ಮನೆಯನ್ನು ಬಿಟ್ಟು ಹೊರಗೆ ಬರಲಾಗದವರ ಕಷ್ಟ ಆಕೆ ಬಲ್ಲದ್ದೇ ಆಗಿತ್ತು. ಹೀಗೆ ಗಿಂಗೆನ್ನಿನ ಮತ್ತು ಸುತ್ತಲ ಹಳ್ಳಿಗಳ ಅನೇಕ ಮನೆಗಳಲ್ಲಿ ಗೊಂಬೆಗಳೊಡನೆ ಗಳಿಕೆಯೂ ಬೆಳೆಯಿತು.

ಆಕೆಗೆ ಮಕ್ಕಳಿರಲಿಲ್ಲ, ಫ್ರಿಟ್ಸನ ಮಕ್ಕಳೇ ಆಕೆಯ ಮಕ್ಕಳಾದರು. ಅವರು ಒಬ್ಬೊಬ್ಬರಾಗಿ ಅತ್ತೆಯ ಕಾರ್ಖಾನೆಗೆ ಸೇರಿದರು. 1897ರಲ್ಲಿ ಬಂದ ರಿಚರ್ಡ್ ಸ್ಟುಟ್‌ಗಾರ್ಟ್ ನಗರದಲ್ಲಿ ಕಲೆಯನ್ನು ಅಭ್ಯಾಸ ಮಾಡಿದ ತರುಣ. ಅಲ್ಲಿಯ ಮೃಗಾಲಯದಲ್ಲಿ ಗಂಟೆಗಟ್ಟಲೆ ನಿಂತು ಕರಡಿಗಳ ಚಿತ್ರಗಳನ್ನು ಬರೆದವನು. 1902ರಲ್ಲಿ ಅವನು ಕೈಕಾಲುಗಳನ್ನು ಕೀಲುಗಳಲ್ಲಿ ಆಡಿಸಬಹುದಾದ ಕರಡಿಯೊಂದನ್ನು ರೂಪಿಸಿದನು. ಅದರ ಹೊದಿಕೆ ಫೆಲ್ಟ್ ಅಲ್ಲ. ಅಂಗೋರಾ ಆಡಿನ ಕೂದಲಿನಿಂದ ನೇಯ್ದ ರೋಮದಂತಹ ಬಟ್ಟೆ. ಈ ಕರಡಿಯ ವಿಷಯದಲ್ಲಿ ಮಾರ್ಗರೆಟೆಗೆ ಮೊದಲು ನಂಬಿಕೆ ಮೂಡಲಿಲ್ಲ. ಬಟ್ಟೆ ದುಬಾರಿ, ಗೊಂಬೆ ದೊಡ್ಡದು, ಕೊಳ್ಳುವವರು ಯಾರು? ಆದರೂ ಆಕೆ ತರುಣನ ಕೈಯನ್ನು ಕಟ್ಟಿಹಾಕಲಿಲ್ಲ. ತನ್ನ ಶಕ್ತಿಯನ್ನು ಒಮ್ಮೆ ಇತರರು ಶಂಕಿಸಿದ್ದುದನ್ನು ಬಲ್ಲವಳು ಮತ್ತೊಬ್ಬನ ಶಕ್ತಿಗೆ ಅವಕಾಶ ಕೊಟ್ಟಳು.

1903ರ ವಸಂತದಲ್ಲಿ ಲೈಪ್‌ಸಿಗ್ ಮೇಳಕ್ಕೆ ಹೋದ ಕರಡಿಯನ್ನು ಅಮೆರಿಕದ ವ್ಯಾಪಾರಿಯೊಬ್ಬ ಕಂಡು ಮೆಚ್ಚಿ ಒಮ್ಮೆಗೇ 3,000 ಗೊಂಬೆಗಳಿಗೆ ಬೇಡಿಕೆಯಿತ್ತನು. ಅದಕ್ಕೆ ಸ್ವಲ್ಪ ಮೊದಲು, 1902ರ ನವೆಂಬರಿನಲ್ಲಿ, ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಗೆ ಹೋದಾಗ ಕಟ್ಟಿಹಾಕಿದ್ದ ಕರಡಿಯೊಂದಕ್ಕೆ ಗುಂಡಿಕ್ಕಲು ಒಪ್ಪದ ಸಂಗತಿ ವ್ಯಂಗ್ಯಚಿತ್ರವಾಗಿ ಪ್ರಸಿದ್ಧವಾಗಿತ್ತು. ಅವನ ಮುದ್ದಿನ ಹೆಸರಾದ ಟೆಡ್ಡಿ ಎಂಬುದು ಕರಡಿಗೊಂಬೆಗೆ ಅಂಟಿಕೊಂಡಿತು. ಇದೇ ಸಮಯದಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನಲ್ಲಿಯೂ ಮಿಚ್‌ಟಮ್ ಎಂಬ ದಂಪತಿಗಳು ಇಂತಹ ಕರಡಿಯನ್ನು ತಯಾರಿಸಿದರು. ಹೀಗೆ ಸಮುದ್ರದ ಎರಡು ದಡಗಳಲ್ಲಿಯೂ ಕರಡಿಗೊಂಬೆ ಒಂದೇ ಕಾಲದಲ್ಲಿ ಅವತರಿಸಿತು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ಸ್ಟೈಫ್ ಕಾರ್ಖಾನೆಯ 12,000 ಕರಡಿಗಳು ಮಾರಾಟವಾದವು. ಕಾರ್ಖಾನೆಗೆ ಉನ್ನತ ಪ್ರಶಸ್ತಿಯೂ ದೊರೆಯಿತು.

ಬೆಳೆಯುತ್ತಿದ್ದ ಕೆಲಸಕ್ಕೆ ಹಳೆಯ ಕಟ್ಟಡ ಸಾಲದಾಯಿತು. 1903ರಲ್ಲಿ ಉಕ್ಕು ಮತ್ತು ಗಾಜುಗಳಿಂದಲೇ ನಿರ್ಮಿತವಾದ ಹೊಸ ಕಾರ್ಖಾನೆ ಎದ್ದುನಿಂತಿತು. ಗೋಡೆಗಳೆಲ್ಲ ಗಾಜು; ಹೊಲಿಯುವವರ ಕಣ್ಣಿಗೆ ಹಗಲಿಡೀ ಧಾರಾಳವಾದ ಬೆಳಕು. ಒಳಗೆ ದುಡಿಯುವ ಹುಡುಗಿಯರು ಹೊರಗಿನವರಿಗೆ ಕಾಣುತ್ತಿದ್ದುದರಿಂದ ಊರಿನ ಜನ ಅದನ್ನು ಕನ್ಯೆಯರ ಮೀನುತೊಟ್ಟಿ ಎಂದು ತಮಾಷೆಯಾಗಿ ಕರೆದರು. ಇಲ್ಲಿಯೂ ಒಡತಿಯ ಗಾಲಿಕುರ್ಚಿ ಮೇಲಿನ ಅಂತಸ್ತುಗಳಿಗೆ ಹೋಗಲು ಇಳಿಜಾರು ಹಾದಿಯಿತ್ತು. ಕಟ್ಟಡ ಮುಗಿದ ಮೇಲೆ ದಯೆಯಿಂದ ಸೇರಿಸಿದ ಅನುಕೂಲ ಅದಾಗಿರಲಿಲ್ಲ. ಅಲ್ಲಿ ದುಡಿಯುವವರ ಅಗತ್ಯವನ್ನು ಮೊದಲು ನೆನೆದು ಆಮೇಲೆ ಕಟ್ಟಿದ ಕಟ್ಟಡವದು.

ಕೀರ್ತಿಯ ಜೊತೆಗೆ ಅನುಕರಣೆಯೂ ಬಂದಿತು. ಕಡಿಮೆ ದರ್ಜೆಯ ಗೊಂಬೆಗಳನ್ನು ತಯಾರಿಸಿ ಸ್ಟೈಫ್ ಗೊಂಬೆಗಳೆಂಬ ಭ್ರಾಂತಿ ಹುಟ್ಟಿಸುವವರು ಹೆಚ್ಚಿದರು. ಅಸಲಿಯನ್ನು ಗುರುತಿಸುವ ಬಗೆ ಹೇಗೆ? ಸೋದರಳಿಯ ಫ್ರಾನ್ಸ್ ಒಂದು ಉಪಾಯ ಹೂಡಿದನು. 1904ರಿಂದ ಪ್ರತಿಯೊಂದು ಪ್ರಾಣಿಯ ಕಿವಿಯಲ್ಲಿಯೂ ಲೋಹದ ಒಂದು ಪುಟ್ಟ ಗುಂಡಿಯನ್ನು ಕೂರಿಸತೊಡಗಿದರು. ಮೊದಮೊದಲ ಗುಂಡಿಗಳಲ್ಲಿ ಇದ್ದುದು ಆನೆಯ ಚಿತ್ರ. ಮನೆತನದ ಭಾಗ್ಯವನ್ನು ತೆರೆದ ಆ ಮೊದಲ ಆನೆಗೆ ಸಂದ ಗೌರವವದು.

1906ರಲ್ಲಿ ಕಾರ್ಖಾನೆ ಮಾರ್ಗರೆಟೆ ಸ್ಟೈಫ್ ಹೆಸರಿನ ನಿಯಮಿತ ಸಂಸ್ಥೆಯಾಯಿತು. ಮರುವರ್ಷ, ಎಂದರೆ 1907ರಲ್ಲಿ, ಅಲ್ಲಿಂದ ಹೊರಟ ಕರಡಿಗಳು 9,74,000. ಕಾರ್ಖಾನೆಯಲ್ಲಿ ದುಡಿಯುವವರು 400 ಜನ. ಮನೆಗಳಲ್ಲಿ ಕುಳಿತು ಹೊಲಿಯುವವರು 1,800 ಜನ. ಒಂದು ಸಂಸಾರಕ್ಕೆ ಹೊರೆಯಾದೀತೆಂದು ಹೆದರಿದ ಮಗು ಎರಡು ಸಾವಿರಕ್ಕೂ ಮಿಕ್ಕ ಜನರ ಹೊರೆಯನ್ನು ತಾನು ಹೊತ್ತಿತ್ತು.

ಎರಡು ವರ್ಷಗಳ ನಂತರ, 1909ರ ಮೇ 9ರಂದು, ಶ್ವಾಸಕೋಶದ ಉರಿಯೂತದಿಂದ ಮಾರ್ಗರೆಟೆ ತೀರಿಕೊಂಡಳು. ಆಗ ಆಕೆಯ ವಯಸ್ಸು 61. ಆಕೆ ಕಟ್ಟಿದ ಸಂಸ್ಥೆ ಎರಡು ಮಹಾಯುದ್ಧಗಳನ್ನು ದಾಟಿ ಉಳಿದಿದೆ. ಇಂದಿಗೂ ಅದು ಗಿಂಗೆನ್ನಿನಲ್ಲಿದೆ. ಇಂದಿಗೂ ಅದರ ಗೊಂಬೆಗಳ ಕಿವಿಯಲ್ಲಿ ಗುಂಡಿಯಿದೆ.

ಮಾರ್ಗರೆಟೆಯ ಸಾಧನೆಯನ್ನು ಕೇಳಿದವರು ಆಕೆಯ ಮನೋಬಲವನ್ನು ಕೊಂಡಾಡುತ್ತಾರೆ. ಅದು ಯುಕ್ತವೇ. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಕಥೆಯ ಅರ್ಧ ಭಾಗ ಬಿಟ್ಟುಹೋಗುತ್ತದೆ. ಮನೋಬಲವೊಂದೇ ಸಾಕೆಂದರೆ, ಬಾಳಿನಲ್ಲಿ ಮುಂದೆ ಬರಲಾರದ ಅಂಗವಿಕಲರೆಲ್ಲ ಮನೋಬಲವಿಲ್ಲದವರೆಂದು ಹೇಳಿದಂತಾಗುತ್ತದೆ. ಅದಕ್ಕಿಂತ ಅನ್ಯಾಯದ ಮಾತು ಮತ್ತೊಂದಿಲ್ಲ. ಆಕೆಯ ಸುತ್ತ ಇದ್ದವರನ್ನು ನೆನೆಯಬೇಕು. ಗಾಡಿಯನ್ನೆಳೆದ ಮಕ್ಕಳು, ಶಾಲೆಯ ನೆರೆಯವಳು, ಕೊಠಡಿಯನ್ನು ಕಟ್ಟಿದ ತಂದೆ, ಫೆಲ್ಟನ್ನು ಒದಗಿಸಿದ ಬಂಧುಗಳು, ಚೀಲ ಹೊತ್ತು ಸಂತೆಗೆ ಹೋದ ತಮ್ಮ, ಹೊಸ ಗೊಂಬೆಯನ್ನು ರೂಪಿಸಿದ ಸೋದರಳಿಯ- ಇವರಲ್ಲಿ ಯಾರೂ ಆಕೆಯ ಕೆಲಸವನ್ನು ತಾವು ಮಾಡಿಕೊಡಲಿಲ್ಲ. ಆಕೆ ತನ್ನ ಕೆಲಸವನ್ನು ತಾನೇ ಮಾಡಲು ಅಡ್ಡವಾಗಿದ್ದ ಒಂದೊಂದು ತಡೆಯನ್ನು ತೆಗೆದರು. ಕನಿಕರ ಮನುಷ್ಯನನ್ನು ಕೂರಿಸಿ ಉಣಿಸುತ್ತದೆ. ನಿಜವಾದ ನೆರವು ಅವನ ಕೈಗೆ ಕೆಲಸ ಕೊಟ್ಟು, ಆ ಕೆಲಸದ ಒಡೆತನವನ್ನೂ ಅವನಿಗೇ ಬಿಟ್ಟುಕೊಡುತ್ತದೆ.

ಒಂದು ಸಂಸಾರ ಪ್ರೀತಿಯಿಂದ ಮಾಡಿದ್ದನ್ನು ಇಂದು ನ್ಯಾಯಶಾಸ್ತ್ರ ಹಕ್ಕೆಂದು ಗುರುತಿಸಿದೆ. ಅಂಗವಿಕಲರ ಹಕ್ಕುಗಳನ್ನು ಕುರಿತ ಒಡಂಬಡಿಕೆಯನ್ನು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿತು. ಭಾರತದಲ್ಲಿ 2016ರಲ್ಲಿ ಬಂದ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ದೇಹಕ್ಕೆ ಸಂಬಂಧಿಸಿದವುಗಳ ಜೊತೆಗೆ ಆಟಿಸಂ, ಓದುಬರಹದ ಕಲಿಕೆಯ ತೊಡಕು ಮೊದಲಾದ, ಕಣ್ಣಿಗೆ ಕಾಣದವುಗಳೂ ಅದರಲ್ಲಿ ಸೇರಿವೆ. ಅಂತಹವರಿಗೆ ತಕ್ಕಂತೆ ಕೆಲಸದ ಸ್ಥಳವನ್ನೂ ಸಾಧನಗಳನ್ನೂ ವಿಧಾನವನ್ನೂ ಯುಕ್ತವಾಗಿ ಹೊಂದಿಸಿಕೊಡಬೇಕೆಂಬ ತತ್ತ್ವವನ್ನು ಈ ಕಾಯಿದೆ ಎತ್ತಿಹಿಡಿಯುತ್ತದೆ. ಒಬ್ಬನಿಗೆ ಇಳಿಜಾರು ಹಾದಿ ಬೇಕು. ಮತ್ತೊಬ್ಬನಿಗೆ ಗದ್ದಲವಿಲ್ಲದ ಕೊಠಡಿ ಬೇಕು. ಮಗದೊಬ್ಬನಿಗೆ ಒಂದೊಂದಾಗಿ ಬಿಡಿಸಿ ಹೇಳಿದ ಸೂಚನೆ ಬೇಕು. ಬೇಕಾದುದು ಬೇರೆ ಬೇರೆಯಾದರೂ ತತ್ತ್ವ ಒಂದೇ.

ಆ ತತ್ತ್ವವನ್ನು ಮಾರ್ಗರೆಟೆ ಗ್ರಂಥಗಳಿಂದ ಕಲಿಯಲಿಲ್ಲ. ಹೊಲಿಗೆ ಯಂತ್ರದ ಚಕ್ರ ತನ್ನ ಬಲಗೈಗೆ ಒಗ್ಗದೆಂದು ತಿಳಿದಾಗ ಆಕೆ ಹೊಲಿಗೆಯನ್ನು ಬಿಡಲಿಲ್ಲ, ಯಂತ್ರವನ್ನು ತಿರುಗಿಸಿಟ್ಟುಕೊಂಡಳು. ದುಡಿಯಬೇಕೆಂಬ ಹಂಬಲವುಳ್ಳವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರೆದುರಿನ ಯಂತ್ರವನ್ನು ತಿರುಗಿಸಿಡಲು ಒಂದು ಕೈ ನೀಡುವುದು ಉಳಿದವರ ಪಾಲಿನ ಕೆಲಸ.